ಬೀಟಿಗೆ ಉಳಿಯುವುದು ಇಬ್ಬರು: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರಗಳು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾದಾಗ ಖುಷಿಪಟ್ಟವರಲ್ಲಿ ನಾವೂ ಇದ್ದೇವೆ. ನಮ್ಮಲ್ಲಿ ಕೆಲವರು ಠಾಣೆಗಳಲ್ಲಿ ದುಡಿದು ನಿವೃತ್ತರಾದವರು, ಕೆಲವರು ಬೀಟ್ ಸಭೆಗಳಲ್ಲಿ, ಅಂದರೆ ಒಬ್ಬ ಪೊಲೀಸರಿಗೆ ವಹಿಸಿದ ಏರಿಯಾದ ಜನರ ಸಭೆಗಳಲ್ಲಿ, ಕೂತು ಬಂದವರು. ಪೊಲೀಸರೇ ಬಾಗಿಲಿಗೆ ಬಂದು ತೊಂದರೆ ಏನಾದರೂ ಇದೆಯೇ ಎಂದು ವಿಚಾರಿಸುವುದು ಒಳ್ಳೆಯ ಕೆಲಸ, ಅದು ನಿಲ್ಲಬಾರದು. ನಿಲ್ಲಬಾರದೆಂದೇ ಈ ಪತ್ರ. ಆ ಬಾಗಿಲಿಗೆ ಹೋಗುವವರು ಯಾರು, ಯಾವ ಹೊತ್ತಿನಲ್ಲಿ, ಯಾರ ಪೆಟ್ರೋಲಿನಲ್ಲಿ ಎನ್ನುವ ಮೂರು ಪ್ರಶ್ನೆಗಳಿಗೆ ಠಾಣೆಯ ಡ್ಯೂಟಿ ಪುಸ್ತಕದಲ್ಲಿ ಇವತ್ತಿಗೂ ಸರಿಯಾದ ಉತ್ತರವಿಲ್ಲ.

ಡ್ಯೂಟಿ ಪುಸ್ತಕದ ಲೆಕ್ಕವನ್ನೇ ಒಮ್ಮೆ ನೋಡೋಣ. ಒಂದು ತಾಲ್ಲೂಕು ಕೇಂದ್ರದ ಠಾಣೆ, ಹೆಡ್ ಕಾನ್‌ಸ್ಟೆಬಲ್ ಮತ್ತು ಕಾನ್‌ಸ್ಟೆಬಲ್ ಸೇರಿ ಮಂಜೂರಾದ ಬಲ 50 ಎಂದು ಹಿಡಿಯಿರಿ. ಏಳು ಹುದ್ದೆ ಖಾಲಿ ಇದ್ದರೆ 43. ಅದರಲ್ಲಿ ಐವರು ಓಓಡಿ ಎಂಬ ನಿಯೋಜನೆಯ ಮೇಲೆ ಬೇರೆ ಕಡೆ: ಎಸ್‌ಪಿ ಕಚೇರಿಗೆ ಒಬ್ಬರು, ಡಿವೈಎಸ್‌ಪಿ ಕಚೇರಿಗೆ ಒಬ್ಬರು, ಹೀಗೆ. ಅವರ ಹೆಸರು, ಸಂಬಳ ಎರಡೂ ಈ ಠಾಣೆಯಲ್ಲೇ, ಆಳು ಮಾತ್ರ ಇಲ್ಲ. ಉಳಿದದ್ದು 38. ಇನ್ನು ಕದಲಿಸಲಾಗದ ಕೆಲಸಗಳು. ಮೂರು ಪಾಳಿಗೆ ಠಾಣೆ ಕಾಯುವ ಸೆಂಟ್ರಿ ಮೂವರು, 112 ವಾಹನಕ್ಕೆ ಮೂವರು, ಠಾಣಾ ಬರಹಗಾರರು ಇಬ್ಬರು, ಪೊಲೀಸ್ ಐಟಿ ಕಂಪ್ಯೂಟರಿಗೆ ಇಬ್ಬರು, ಕೋರ್ಟಿಗೆ ಇಬ್ಬರು, ಸಮನ್ಸ್-ವಾರಂಟಿಗೆ ಮೂವರು, ಪಾಸ್‌ಪೋರ್ಟ್ ಪರಿಶೀಲನೆಗೆ ಒಬ್ಬರು, ಗುಪ್ತವಾರ್ತೆಗೆ ಒಬ್ಬರು, ಜೀಪಿಗೆ ಒಬ್ಬರು, ಕ್ರೈಂ ಸಿಬ್ಬಂದಿ ನಾಲ್ವರು, ಮಹಿಳಾ ಸಹಾಯ ಕೇಂದ್ರಕ್ಕೆ ಇಬ್ಬರು. ಕೂಡಿದರೆ 24. ಉಳಿದ 14 ಜನರಲ್ಲೇ ಎಲ್ಲರ ವಾರದ ರಜೆ ತುಂಬಬೇಕು, ದಿನಕ್ಕೆ ಐವರು. ಗಳಿಕೆ ರಜೆ, ಕಾಯಿಲೆ, ತರಬೇತಿ ಎಂದು ಮೂವರು. ಉಳಿದ ಆರರಲ್ಲಿ ನಾಲ್ವರು ರಾತ್ರಿ ಗಸ್ತಿಗೆ. ರಾತ್ರಿ ತಿರುಗಿದವರು ಹಗಲು ಮಲಗಲೇಬೇಕು. ಹಗಲಿನ ಬೀಟಿಗೆ ಸಿಕ್ಕುವುದು ಇಬ್ಬರು. ಆ ದಿನ ಊರಿಗೆ ಒಬ್ಬ ಮಂತ್ರಿ ಬಂದರೆ ಆ ಇಬ್ಬರೂ ರಸ್ತೆ ಬದಿಯ ಬಂದೋಬಸ್ತಿನಲ್ಲಿ.

ಇದು ನಾವು ಉದಾಹರಣೆಗೆ ಕಟ್ಟಿದ ಠಾಣೆ. ಅಂಕಿಗಳು ಠಾಣೆಯಿಂದ ಠಾಣೆಗೆ ಒಂದೆರಡು ಹೆಚ್ಚು-ಕಡಿಮೆಯಾಗಬಹುದು. ಆದರೆ ಯಾವುದೇ ಠಾಣೆಯ ಬೆಳಗಿನ ಹಾಜರಿಯಲ್ಲಿ ನಿಂತು ಈ ಕಳೆಯುವ ಲೆಕ್ಕ ಮಾಡಿ ನೋಡಿ, ಕೊನೆಗೆ ಕೈಯಲ್ಲಿ ಉಳಿಯುವುದು ಬೆರಳೆಣಿಕೆಯೇ. ದಿನದ 24 ಗಂಟೆಯ ಒಂದು ಪಾಯಿಂಟ್ ನಡೆಸಲು ಮೂವರು ಸಾಕು ಎಂಬ ಹಳೆಯ ಎಣಿಕೆಯೇ ತಪ್ಪು. ಮೂರು ಪಾಳಿ, ಏಳು ದಿನ ಎಂದರೆ ವಾರಕ್ಕೆ 21 ಪಾಳಿ. ವಾರದ ರಜೆ ಪಡೆಯುವ ಒಬ್ಬರು ಮಾಡುವುದು ಆರು. ಅಲ್ಲಿಗೇ ಮೂರೂವರೆ ಜನ ಬೇಕಾಯಿತು. ರಜೆ, ತರಬೇತಿ ಸೇರಿದರೆ ನಾಲ್ಕು ದಾಟುತ್ತದೆ. ಆ ಒಂದೊಂದು ಅರ್ಧ ಆಳಿನ ಕೊರತೆಯನ್ನು ತುಂಬುತ್ತಿರುವುದು ಬೀಟು. ಬಿಪಿಆರ್‌ಡಿ (ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ) 2014ರಲ್ಲಿ ಹೊರತಂದ ಅಧ್ಯಯನವೂ ಇದನ್ನೇ ಹೇಳಿತ್ತು. ದೇಶದಲ್ಲಿ ಠಾಣಾ ಸಿಬ್ಬಂದಿಯ ಸುಮಾರು ಶೇ 90 ಮಂದಿ ದಿನಕ್ಕೆ 8 ಗಂಟೆ ಮೀರಿ ದುಡಿಯುತ್ತಾರೆ, 8 ಗಂಟೆಯ ಪಾಳಿ ತರಬೇಕಾದರೆ ಮಂಜೂರಾದ ಬಲದ 1.68 ಪಟ್ಟು ಜನ ಬೇಕು ಎಂದು.

2017ರಲ್ಲಿ ಡಿಜಿಪಿ ಆಗಿದ್ದ ಆರ್. ಕೆ. ದತ್ತಾ ಅವರು ಸುಧಾರಿತ ಬೀಟ್ ವ್ಯವಸ್ಥೆ ತಂದಾಗ ಅದರ ಆಶಯ ದೊಡ್ಡದಿತ್ತು. ಠಾಣೆಯ ಸರಹದ್ದನ್ನು ಇರುವ ಸಿಬ್ಬಂದಿಗೆ ಹಂಚಿ, ಒಬ್ಬೊಬ್ಬ ಕಾನ್‌ಸ್ಟೆಬಲ್ಲಿಗೂ ಇದು ನಿನ್ನ ಏರಿಯಾ ಎಂದು ವಹಿಸಿಕೊಟ್ಟರು. ಕೆಳಹಂತದ ಸಿಬ್ಬಂದಿಗೆ ಗೌರವ ತಂದ ಕ್ರಮ ಅದು, ಈಗಲೂ ಅದನ್ನು ಮೆಚ್ಚುತ್ತೇವೆ. ಆದರೆ ಎಲ್ಲರಿಗೂ ಬೀಟ್ ಹಂಚಿದಾಗ ಸೆಂಟ್ರಿಗೂ ಒಂದು ಬೀಟ್, ಬರಹಗಾರನಿಗೂ ಒಂದು ಬೀಟ್, ಬೆಳಿಗ್ಗೆಯಿಂದ ಸಂಜೆವರೆಗೆ ಕೋರ್ಟ್ ಹಾಲಿನಲ್ಲಿ ನಿಲ್ಲುವವರಿಗೂ ಒಂದು ಬೀಟ್ ಬಂತು. ನಮ್ಮ ಉದಾಹರಣೆಯ ಠಾಣೆಯಲ್ಲಾದರೆ ನಕ್ಷೆಯಲ್ಲಿ 38 ಬೀಟ್, ಫಲಕದಲ್ಲಿ 38 ಹೆಸರು. ಹೋಗಲು ಹೊತ್ತಿರುವುದು ಇಬ್ಬರಿಗೆ.

ಹೊತ್ತು ಎಷ್ಟು ಬೇಕು ಎನ್ನುವುದನ್ನೂ ಲೆಕ್ಕ ಹಾಕಬಹುದು. ಕೇರಳದಲ್ಲಿ 2008ರ ಮಾರ್ಚಿನಲ್ಲಿ 20 ಠಾಣೆಗಳಲ್ಲಿ ‘ಜನಮೈತ್ರಿ ಸುರಕ್ಷಾ’ ಆರಂಭಿಸಿದಾಗ ಒಂದು ಬೀಟಿಗೆ ಸುಮಾರು 500 ಮನೆ ಎಂದು ಇಟ್ಟುಕೊಂಡರು. ಬೀಟ್ ಅಧಿಕಾರಿಗೆ ಪ್ರತಿ ಮನೆಯ ಒಬ್ಬರಾದರೂ ಹೆಸರು ಹಿಡಿದು ಗೊತ್ತಿರಬೇಕು ಎಂಬುದು ಗುರಿ. ಮನೆಗೆ ಹತ್ತು ನಿಮಿಷ ಕೊಟ್ಟರೆ 500 ಮನೆಗೆ 83 ಗಂಟೆ. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 20 ದಿನ ಬೀಟಿನಲ್ಲೇ ಇರುವವರಿಗೆ ಇದು ಒಂದು ತಿಂಗಳ ಕೆಲಸ. ವಾರಕ್ಕೆ ಎರಡು ಗಂಟೆ ಸಿಕ್ಕವರಿಗೆ 41 ವಾರ. ಒಂದು ಸುತ್ತು ಮುಗಿಯುವ ಹೊತ್ತಿಗೆ ಅವರಿಗೆ ವರ್ಗಾವಣೆಯಾಗಿರುತ್ತದೆ.

ಹತ್ತು ನಿಮಿಷದಲ್ಲಿ ಏನಾಗುತ್ತದೆ ಎನ್ನುವುದೇ ಈ ಕೆಲಸದ ಜೀವಾಳ. ಒಳ್ಳೆಯ ಬೀಟ್ ಪುಸ್ತಕದ ಒಂದು ಪುಟ ತೆಗೆದು ನೋಡಿದರೆ ತಿಳಿಯುತ್ತದೆ. ಮೂಲೆ ಮನೆಯಲ್ಲಿ ವಯಸ್ಸಾದ ದಂಪತಿ ಇಬ್ಬರೇ, ಮಗ ಪರದೇಶದಲ್ಲಿ, ಹಾಲು ಹಾಕುವವನ ಬಳಿ ಗೇಟಿನ ಕೀಲಿ ಇದೆ. ಎದುರು ಮನೆ ಎರಡು ತಿಂಗಳಿಂದ ಬೀಗ, ಮೀಟರ್ ಬೋರ್ಡಿನ ಮೇಲೆ ಬಿಲ್ಲು ಸೇರುತ್ತಿದೆ. ಚರಂಡಿ ಪಕ್ಕದ ದೀಪ ಕೆಟ್ಟಿದೆ, ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಅಲ್ಲಿಂದಲೇ ನಡೆಯಬೇಕು. ದಿನಸಿ ಅಂಗಡಿಯ ಕ್ಯಾಮೆರಾ ರಸ್ತೆಗೆ ಮುಖ ಮಾಡಿದೆ, ಆದರೆ ಡಿವಿಆರ್ ಪಾಸ್‌ವರ್ಡ್ ಹಾಕಿಕೊಟ್ಟ ಹುಡುಗನಿಗೆ ಮಾತ್ರ ಗೊತ್ತು. ಅಣ್ಣತಮ್ಮಂದಿರ ಬದುವಿನ ಜಗಳ, ಸರ್ವೆಗೆ ಅರ್ಜಿ ಹಾಕಿದ್ದಾರೆ, ಮಳೆಗಾಲಕ್ಕೆ ಮುಂಚೆ ಸರ್ವೆ ಆಗದಿದ್ದರೆ ಉಳುಮೆಯ ದಿನ ಹೊಡೆದಾಟ ಖಂಡಿತ. ಕೊನೆಯ ಮಾತು ಬರೆದುಕೊಂಡ ಕಾನ್‌ಸ್ಟೆಬಲ್ ಅದನ್ನು ತಹಶೀಲ್ದಾರ್ ಕಚೇರಿಗೆ ಮುಟ್ಟಿಸಿದರೆ ಒಂದು ಕೊಲೆ ಯತ್ನದ ಪ್ರಕರಣ ಹುಟ್ಟುವ ಮೊದಲೇ ನಿಲ್ಲುತ್ತದೆ. ಇಂಥ ಪುಟ ಮೋಟಾರ್ ಸೈಕಲ್ ನಿಲ್ಲಿಸಿ, ಇಳಿದು, ಜಗುಲಿ ಮೇಲೆ ಕೂತವರು ಮಾತ್ರ ಬರೆಯಬಲ್ಲರು.

ಹಿರಿಯರ ವಿಷಯದಲ್ಲಂತೂ ಇದು ನಿಯಮವೇ ಹೇಳಿದ ಕೆಲಸ. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳಲ್ಲಿ, ಒಂಟಿಯಾಗಿ ಬಾಳುವ ಹಿರಿಯರ ಪಟ್ಟಿ ಪ್ರತಿ ಠಾಣೆಯಲ್ಲೂ ಇರಬೇಕು, ತಿಂಗಳಿಗೆ ಒಮ್ಮೆಯಾದರೂ ಠಾಣೆಯವರು ಭೇಟಿ ಕೊಡಬೇಕು ಎಂದಿದೆ. ಬಾಲನ್ಯಾಯ ಕಾಯ್ದೆ 2015ರ ಕಲಂ 107 ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಎನ್ನುತ್ತದೆ. ಹುದ್ದೆ ಹೊಸದಾಗಿ ಬರಲಿಲ್ಲ, ಇದ್ದ ಎಎಸ್‌ಐ ಹೆಗಲಿಗೇ ಇನ್ನೊಂದು ಫಲಕ ಬಿತ್ತು. 2024ರ ಜುಲೈ 1ರಿಂದ ಬಂದ ಹೊಸ ಕ್ರಿಮಿನಲ್ ಕಾನೂನುಗಳು ಈ ಹೊರೆಯನ್ನು ಇನ್ನೂ ಏರಿಸಿವೆ. ಶೋಧ-ಜಪ್ತಿಯನ್ನು ವಿಡಿಯೊ ಮಾಡಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಲಂ 105), 90 ದಿನದೊಳಗೆ ತನಿಖೆಯ ಪ್ರಗತಿಯನ್ನು ಸಂತ್ರಸ್ತರಿಗೆ ತಿಳಿಸಬೇಕು (ಕಲಂ 193), ಕೆಲವು ಬಗೆಯ ದೂರುಗಳಲ್ಲಿ 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮುಗಿಸಬೇಕು (ಕಲಂ 173). ಎಲ್ಲವೂ ಜನರಿಗೆ ಒಳ್ಳೆಯದೇ. ಆದರೆ ತನಿಖಾಧಿಕಾರಿಗೆ ಸಹಾಯಕ್ಕೆ ಇನ್ನೊಬ್ಬರು ಬೇಕೆಂದಾಗ ಇನ್‌ಸ್ಪೆಕ್ಟರ್ ಕೈ ಹಾಕುವುದು ಬೀಟಿನ ಪಟ್ಟಿಗೆ. ಬೀಟಿಗೆ ಹೋಗದಿದ್ದರೆ ಆ ದಿನ ಯಾರೂ ಕೇಳುವುದಿಲ್ಲ, ಕೋರ್ಟಿಗೆ ಹೋಗದಿದ್ದರೆ ನ್ಯಾಯಾಧೀಶರು ಕೇಳುತ್ತಾರೆ.

ಹೊಸ ನೇಮಕಾತಿ ನಡೆಯಲಿ. ಆದರೆ ಆಯ್ಕೆ, ತರಬೇತಿ ಮುಗಿದು ಆಳು ಠಾಣೆಗೆ ಬರುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಈಗಿರುವ ಬಲದಲ್ಲೇ ನಮ್ಮ ಉದಾಹರಣೆಯ ಠಾಣೆಗೆ ಎಂಟು ಪೂರ್ಣಾವಧಿ ಬೀಟ್ ಸಿಬ್ಬಂದಿ ಕೊಡುವ ದಾರಿಯಿದೆ. ಈಗ ಉಳಿದಿರುವ ಇಬ್ಬರನ್ನು ಮೊದಲು ಬೀಟಿಗೇ ಕಾಯಂ ಮಾಡಿ. ಓಓಡಿಯಲ್ಲಿರುವ ಐವರಲ್ಲಿ ಮೂವರನ್ನು ಹಿಂದಕ್ಕೆ ಕರೆಸಿ. ಪ್ರತಿ ಜಿಲ್ಲೆಯ ಓಓಡಿ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಡಿಜಿಪಿ ಕಚೇರಿ ತರಿಸಿ ನೋಡಿದರೆ ಯಾರು ಯಾಕೆ ಎಲ್ಲಿದ್ದಾರೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ. 2016ರಲ್ಲಿ ಕಾನ್‌ಸ್ಟೆಬಲ್‌ಗಳು ಸಾಮೂಹಿಕ ರಜೆಗೆ ಮುಂದಾದಾಗ ಕೇಳಿಬಂದ ನೋವುಗಳಲ್ಲಿ ಅಧಿಕಾರಿಗಳ ಮನೆಗೆಲಸ ಮಾಡುವ ಆರ್ಡರ್ಲಿ ಚಾಕರಿಯೂ ಒಂದು ಎಂಬುದನ್ನು ಇಲಾಖೆ ಮರೆಯಬಾರದು. ಪಾಸ್‌ಪೋರ್ಟ್ ಪರಿಶೀಲನೆ ಮಾಡುವ ಒಬ್ಬರ ಕೆಲಸವನ್ನು ಆಯಾ ಬೀಟಿನವರಿಗೇ ಹಂಚಿ ಅವರನ್ನೂ ಬೀಟಿಗೆ ಬಿಡಿ. ಮನೆಯೊಳಗೆ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಸಮನ್ಸ್-ವಾರಂಟಿನ ಮೂವರಲ್ಲಿ ಇಬ್ಬರದೂ ಹೀಗೆಯೇ: ಸಮನ್ಸ್ ಆಯಾ ಬೀಟಿನವರು ಕೊಡಲಿ, ಬಿಎನ್‌ಎಸ್‌ಎಸ್ ಎಲೆಕ್ಟ್ರಾನಿಕ್ ಸಮನ್ಸಿಗೆ ದಾರಿ ಮಾಡಿರುವುದರಿಂದ ಓಡಾಟವೂ ತಗ್ಗುತ್ತದೆ. ಎರಡು, ಮೂರು, ಒಂದು, ಎರಡು: ಎಂಟಾಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ವಾರಂಟ್ ಹಿಡಿದು ದಸ್ತಗಿರಿ ಮಾಡುವ ಕೆಲಸವನ್ನು ಬೀಟಿನವರಿಗೆ ಹಚ್ಚಬೇಡಿ. ನಿನ್ನೆ ಜಗುಲಿ ಮೇಲೆ ಕೂತು ನೀರು ಕುಡಿದವರೇ ಇವತ್ತು ಮಗನನ್ನು ಜೀಪು ಹತ್ತಿಸಿದರೆ ಆ ಬೀದಿಯಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಆ ಮೂರನೆಯವರೂ ಕ್ರೈಂ ಸಿಬ್ಬಂದಿಯೂ ಇರಲಿ.

ಎಂಟು ಜನರನ್ನು ಕೊಟ್ಟ ಮಾತ್ರಕ್ಕೆ ಅವರು ಬೀಟಿನಲ್ಲಿ ಉಳಿಯುವುದಿಲ್ಲ, ಬಂದೋಬಸ್ತು ಅವರನ್ನು ಎಳೆದುಕೊಳ್ಳುತ್ತದೆ. ಗಣೇಶ ವಿಸರ್ಜನೆ, ಈದ್ ಮಿಲಾದ್, ಜಾತ್ರೆ, ಚುನಾವಣೆ, ಇವಕ್ಕೆ ಎಲ್ಲರೂ ಹೋಗಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಸಣ್ಣಪುಟ್ಟ ಉದ್ಘಾಟನೆ, ಗಣ್ಯರು ಹಾದುಹೋಗುವ ದಾರಿ, ಪಕ್ಕದ ಉಪವಿಭಾಗದ ಪ್ರತಿಭಟನೆ, ಇವಕ್ಕೆ ಬೀಟ್ ಸಿಬ್ಬಂದಿಯನ್ನು ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಎಳೆಯಬಾರದು ಎಂಬ ಲಿಖಿತ ಸ್ಥಾಯಿ ಆದೇಶ ಬೇಕು. ಎಳೆದ ಪ್ರತಿ ದಿನವೂ ಠಾಣಾ ದಿನಚರಿಯಲ್ಲಿ ಕಾರಣದ ಸಮೇತ ದಾಖಲಾಗಲಿ, ತಿಂಗಳ ಕೊನೆಗೆ ಎಸ್‌ಪಿ ಮುಂದೆ ಹೋಗಲಿ. ಬಾಯಿಮಾತಿನ ಆದೇಶಕ್ಕೆ ಠಾಣೆಯಲ್ಲಿ ಒಂದು ಹಾಜರಿಯಷ್ಟೇ ಆಯಸ್ಸು.

ಇನ್ನು ದುಡ್ಡು. ಬೀಟಿಗೆ ಹೋಗುವ ಕಾನ್‌ಸ್ಟೆಬಲ್ ಹತ್ತುವುದು ಹೆಚ್ಚಾಗಿ ಸ್ವಂತ ಗಾಡಿ. ದಿನಕ್ಕೆ 25 ಕಿ.ಮೀ., 20 ದಿನ ಎಂದರೆ 500 ಕಿ.ಮೀ. ಲೀಟರಿಗೆ 45 ಕಿ.ಮೀ. ಕೊಟ್ಟರೂ 11 ಲೀಟರ್, ಈಗಿನ ದರದಲ್ಲಿ 1,100 ರೂಪಾಯಿ ದಾಟುತ್ತದೆ. ಮಲೆನಾಡಿನ ಚದುರಿದ ಮನೆಗಳಿಗೆ, ಬಯಲುಸೀಮೆಯ ದೂರದ ಹಳ್ಳಿಗಳಿಗೆ ಇನ್ನೂ ಹೆಚ್ಚು. ತನ್ನ ಜೇಬಿನಿಂದ ಹೋಗುವಾಗ ಮನುಷ್ಯ ಹತ್ತಿರದ ಬೀದಿಗೇ ಹೋಗುತ್ತಾನೆ, ತುದಿಯ ಹಾಡಿ, ತಾಂಡಾ, ಕ್ವಾರಿ ಪಕ್ಕದ ಶೆಡ್ಡುಗಳು ಬಿಟ್ಟುಹೋಗುತ್ತವೆ. ಪೊಲೀಸರ ಅಗತ್ಯ ಹೆಚ್ಚಿರುವುದು ಅಲ್ಲೇ. ಎಂಟು ಬೀಟಿಗೆ ತಲಾ 1,200 ರೂಪಾಯಿ ಇಂಧನ, ಅದು 9,600. ಫೋನ್ ರೀಚಾರ್ಜ್ ತಲಾ 300ರಂತೆ 2,400. ತಿಂಗಳಿಗೊಂದು ಬೀಟ್ ಸಭೆಯ ಚಹಾ, ಕುರ್ಚಿಗೆ ತಲಾ 800ರಂತೆ 6,400. ಪುಸ್ತಕ, ಕರಪತ್ರ, ಫಲಕಕ್ಕೆ 1,500. ಒಟ್ಟು 19,900, ಅಂದರೆ ತಿಂಗಳಿಗೆ 20 ಸಾವಿರ, ವರ್ಷಕ್ಕೆ 2.4 ಲಕ್ಷ. ಸಾವಿರ ಠಾಣೆ ಎಂದು ಹಿಡಿದರೂ ಇಡೀ ರಾಜ್ಯಕ್ಕೆ 24 ಕೋಟಿ. ಇದಕ್ಕೊಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಕೊಟ್ಟು, ಮುಂಗಡವಾಗಿ ಠಾಣೆಯ ಕೈಗೇ ತಲುಪಿಸಿ. ಹಣ ಇಲ್ಲದಿದ್ದರೆ ಸಭೆಯ ಚಹಾ ಯಾರೋ ಬಾರ್ ಮಾಲೀಕರ, ಯಾರೋ ಮರಳು ಗುತ್ತಿಗೆದಾರರ ಲೆಕ್ಕದಲ್ಲಿ ಬರುತ್ತದೆ. ಅಂಥ ಚಹಾ ಕುಡಿದ ಸಭೆಯಲ್ಲಿ ಬಾರಿನ ಗಲಾಟೆಯ ಬಗ್ಗೆ, ರಾತ್ರಿ ಓಡುವ ಲಾರಿಗಳ ಬಗ್ಗೆ ಯಾರು ಮಾತೆತ್ತುತ್ತಾರೆ?

ಫೋನಿನ ಸಂಗತಿ ಸಣ್ಣದೆನಿಸಬಹುದು. ಆದರೆ ಬೀಟ್ ವ್ಯವಸ್ಥೆ ಹೆಚ್ಚು ಸಲ ಮುರಿದುಬಿದ್ದಿರುವುದು ಇಲ್ಲೇ. ಕಾನ್‌ಸ್ಟೆಬಲ್ ತನ್ನ ಸ್ವಂತ ನಂಬರಿನಲ್ಲಿ ವಾಟ್ಸ್‌ಆ್ಯಪ್ ಗುಂಪು ಮಾಡುತ್ತಾರೆ, ಜನ ಆ ನಂಬರನ್ನು ಉಳಿಸಿಕೊಳ್ಳುತ್ತಾರೆ. ವರ್ಗಾವಣೆಯಾದ ದಿನ ಆ ನಂಬರ್ ಬೇರೆ ಜಿಲ್ಲೆಗೆ ಹೋಗುತ್ತದೆ, ಗುಂಪು ಶುಭೋದಯದ ಚಿತ್ರಗಳಿಗೆ ಮಾತ್ರ ಉಳಿಯುತ್ತದೆ. ನಂಬರ್ ಬೀಟಿಗೆ ಸೇರಿದ್ದಾಗಿರಬೇಕು. ಎಂಟು ಬೀಟಿಗೆ ಎಂಟು ಇಲಾಖಾ ಸಿಮ್, ಗಾಡಿಯ ಕೀಲಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಹಸ್ತಾಂತರವಾಗಬೇಕು. ಅದೇ ನಂಬರ್ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಆಟೊ ಸ್ಟ್ಯಾಂಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರಬೇಕು. ಅದರ ಕೆಳಗೆ 112, ಮಕ್ಕಳಿಗೆ 1098, ಸೈಬರ್ ವಂಚನೆಗೆ 1930. ಹಣ ಹೋದ ಗಂಟೆಯೊಳಗೆ 1930ಕ್ಕೆ ಕರೆ ಹೋದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮರುದಿನ ಠಾಣೆಗೆ ಬಂದರೆ ಆ ಹಣ ನಾಲ್ಕೈದು ಖಾತೆ ದಾಟಿರುತ್ತದೆ. ಪಿಂಚಣಿದಾರರಿಗೆ ಇದನ್ನು ಬಾಯಲ್ಲಿ ಹೇಳಿ, ಫೋನಿನಲ್ಲಿ ನಂಬರ್ ಉಳಿಸಿಕೊಟ್ಟು ಬರುವುದು ಬೀಟಿನವರ ಹತ್ತು ನಿಮಿಷದಲ್ಲಿ ಎರಡು ನಿಮಿಷ.

ಎಂಟರಲ್ಲಿ ಕನಿಷ್ಠ ಮೂವರು ಮಹಿಳೆಯರಿರಲಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿರುವವರು ಹೆಚ್ಚಾಗಿ ಹೆಂಗಸರು. ಗಂಡನ ಹೊಡೆತದ ಮಾತು, ಮಗಳನ್ನು ಹಿಂಬಾಲಿಸುವವನ ಮಾತು ಅವರ ಬಾಯಿಂದ ಬರುವುದು ಇನ್ನೊಬ್ಬ ಹೆಂಗಸಿನ ಮುಂದೆ. ಈಗ ಮಹಿಳಾ ಸಿಬ್ಬಂದಿಯನ್ನು ಸ್ವಾಗತದ ಮೇಜಿಗೆ, ಕಂಪ್ಯೂಟರಿಗೆ, ಆರೋಪಿ ಹೆಂಗಸರ ಕಾವಲಿಗೆ ಕಟ್ಟಿಹಾಕಲಾಗುತ್ತಿದೆ. ಅವರಿಗೆ ಇಲಾಖೆಯ ಸ್ಕೂಟರ್ ಕೊಡಿ, ಬೀಟಿನ ದಾರಿಯಲ್ಲಿ ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂದು ಮೊದಲೇ ಗುರುತಿಸಿಕೊಡಿ. ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರದವರೊಡನೆ ಒಂದು ಮಾತು ಆಡಿದರೆ ಆಗುವ ಕೆಲಸ.

ಬೀಟಿನ ನಾಗರಿಕರನ್ನು ಸೇರಿಸಿ ಮಾಡುವ ಬೀಟ್ ಸಮಿತಿಯ ಬಗ್ಗೆ ನಮಗಿರುವ ಆತಂಕವನ್ನು ಮುಚ್ಚಿಡುವುದಿಲ್ಲ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಶುರುವಾದ, ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಳ್ಳೆಯ ಉದ್ದೇಶದ್ದೇ. 2020ರ ಜೂನ್‌ನಲ್ಲಿ ಸಾತ್ತಾನ್‌ಕುಳಂ ಠಾಣೆಯ ಕಸ್ಟಡಿ ಸಾವುಗಳ ನಂತರ ಅದರ ಹೆಸರೂ ಆರೋಪದಲ್ಲಿ ಕೇಳಿಬಂತು, ಅಲ್ಲಿನ ಸರ್ಕಾರ ಆ ಏರ್ಪಾಡನ್ನೇ ನಿಲ್ಲಿಸಬೇಕಾಯಿತು. ಸಿಬ್ಬಂದಿ ಸಾಲದ ಠಾಣೆಯಲ್ಲಿ ಸ್ವಯಂಸೇವಕರ ಕೈಗೆ ಲಾಠಿ, ಟಾರ್ಚು, ವಾಹನ ತಪಾಸಣೆ ಹೋಗುವುದು ಬಹಳ ಸುಲಭ. ಸಮಿತಿಯವರು ಮಾಹಿತಿ ಕೊಡಬೇಕು, ಪ್ರಶ್ನೆ ಕೇಳಬೇಕು, ಅಷ್ಟೇ. ಗಸ್ತು ತಿರುಗಬಾರದು, ಯಾರನ್ನೂ ತಡೆದು ಹೆಸರು ಕೇಳಬಾರದು, ಠಾಣೆಯಲ್ಲಿ ಕೂತು ರಾಜಿ ಪಂಚಾಯಿತಿ ಮಾಡಬಾರದು. ಪ್ರೀತಿಸಿದ ಜೋಡಿಯನ್ನು ಹಿಡಿದು ತರುವ ಗುಂಪಿನವರು ಸಮಿತಿಯಲ್ಲಿ ಕೂತರೆ ಆ ಸಮಿತಿ ಇಲ್ಲದಿರುವುದೇ ಲೇಸು. ಕೇರಳ ತನ್ನ 2011ರ ಪೊಲೀಸ್ ಕಾಯ್ದೆಯ ಕಲಂ 64ರಲ್ಲಿ ಸಮುದಾಯ ಸಂಪರ್ಕ ಸಮಿತಿಗೆ ಕಾನೂನಿನ ಚೌಕಟ್ಟನ್ನೇ ಕೊಟ್ಟಿದೆ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೂ ಅಂಥದೊಂದು ಕಲಂ ಸೇರಲಿ. ಪಕ್ಷದ ಪದಾಧಿಕಾರಿಗಳು ಮತ್ತು ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಅದರಲ್ಲಿ ಜಾಗ ಬೇಡ. ಆಶಾ ಕಾರ್ಯಕರ್ತೆ, ಪೌರಕಾರ್ಮಿಕ, ಬೀದಿ ವ್ಯಾಪಾರಿ, ಪಿಜಿ ನಡೆಸುವವರು, ವಲಸೆ ಕಾರ್ಮಿಕರ ಮೇಸ್ತ್ರಿ, ಎಲ್ಲ ಕೇರಿಯವರು, ಎಲ್ಲ ಧರ್ಮದವರು ಇರಲಿ. ಸಭೆ ಠಾಣೆಯಲ್ಲಿ ಬೇಡ, ಶಾಲೆಯಲ್ಲೋ ಸಮುದಾಯ ಭವನದಲ್ಲೋ ಸಂಜೆ ಆರೂವರೆಗೆ ಇಡಿ. ಮೊದಲ ಹತ್ತು ನಿಮಿಷ, ಹೋದ ಸಭೆಯಲ್ಲಿ ಬಂದ ದೂರುಗಳಿಗೆ ಏನಾಯಿತು ಎಂದು ಓದಿ ಹೇಳುವುದಕ್ಕೇ ಮೀಸಲಿರಲಿ. ಅದು ಇಲ್ಲದ ಕಡೆ ಮೂರನೆಯ ಸಭೆಗೆ ಜನ ಬರುವುದಿಲ್ಲ.

ಅವಧಿಯ ಮಾತೂ ಇದೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. ಬೀಟಿನವರಿಗೆ ಮೂರು ವರ್ಷ ಕೊಡಿ. ಬದಲಾಗುವಾಗ ಹಳಬರು ಹೊಸಬರನ್ನು ಜತೆಗೆ ಕರೆದುಕೊಂಡು ಏಳು ದಿನ ಬೀಟು ತಿರುಗಲಿ. ಪುಸ್ತಕ ಕೊಟ್ಟು ಸಹಿ ಹಾಕಿಸಿಕೊಂಡರೆ ಪರಿಚಯ ಹಸ್ತಾಂತರವಾಗುವುದಿಲ್ಲ.

ಕೊನೆಯದು ತಪಾಸಣೆ. ದೇವಸ್ಥಾನದ ಗೇಟಿನಲ್ಲಿ, ಎಟಿಎಂ ಪಕ್ಕದಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಾನ್‌ಸ್ಟೆಬಲ್ ಅಲ್ಲಿಗೆ ಬಂದಿದ್ದರು ಎಂದು ಗೊತ್ತಾಗುತ್ತದೆ, ಯಾರನ್ನು ಮಾತಾಡಿಸಿದರು ಎಂದು ಗೊತ್ತಾಗುವುದಿಲ್ಲ. ರಾತ್ರಿ ಗಸ್ತಿಗೆ ಅದು ಸರಿಯಾದ ಸಾಧನ, ಹಗಲಿನ ಬೀಟಿಗಲ್ಲ. ಸಭೆಯ ಫೋಟೊ, ಭೇಟಿಯ ಸೆಲ್ಫಿ ಎಣಿಸುವುದನ್ನೂ ಬಿಡಿ. ಎಣಿಸತೊಡಗಿದರೆ ಒಂದೇ ಬೀದಿಯಲ್ಲಿ ಅಂಗಿ ಬದಲಿಸಿ ನಿಂತ ಫೋಟೊಗಳು ಬರುತ್ತವೆ. ಅದರ ಬದಲು ಡಿವೈಎಸ್‌ಪಿ ವಾರಕ್ಕೊಮ್ಮೆ ಬೀಟ್ ಪುಸ್ತಕದಿಂದ ಐದು ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ತಾವೇ ಫೋನ್ ಮಾಡಲಿ. ಎರಡೇ ಪ್ರಶ್ನೆ ಸಾಕು: ನಿಮ್ಮ ಬೀಟ್ ಪೊಲೀಸರ ಹೆಸರೇನು? ಅವರು ನಿಮ್ಮ ಮನೆಗೆ ಕೊನೆಯ ಸಲ ಬಂದದ್ದು ಯಾವಾಗ? ಐದರಲ್ಲಿ ಮೂರು ಮನೆಯವರು ಹೆಸರು ಹೇಳದಿದ್ದರೆ ಕಾನ್‌ಸ್ಟೆಬಲ್ಲಿಗೆ ಮೆಮೊ ಕೊಡುವ ಮೊದಲು ಆ ತಿಂಗಳ ಡ್ಯೂಟಿ ಪುಸ್ತಕ ತರಿಸಿ ನೋಡಲಿ. ಅವರನ್ನು ಎಷ್ಟು ದಿನ ಬೇರೆ ಕಡೆ ನಿಲ್ಲಿಸಿದ್ದರು ಎನ್ನುವುದು ಅದರಲ್ಲೇ ಇರುತ್ತದೆ.

ಈ ವಿಷಯಗಳ ಮೇಲೆ ಸ್ಥಾಯಿ ಆದೇಶದ ಕರಡು ಸಿದ್ಧಪಡಿಸುವಾಗ ಠಾಣಾ ಬರಹಗಾರರನ್ನೂ ಹೆಡ್ ಕಾನ್‌ಸ್ಟೆಬಲ್‌ಗಳನ್ನೂ ಮೇಜಿನ ಸುತ್ತ ಕೂರಿಸಿಕೊಳ್ಳಿ ಎಂದು ಬೇಡುತ್ತೇವೆ. ಮುಂದಿನ ಬಜೆಟ್ ತಯಾರಿ ಶುರುವಾಗುವ ಮೊದಲು ಪ್ರತಿ ಜಿಲ್ಲೆಯಿಂದ ಒಂದು ಠಾಣೆಯ ಒಂದು ತಿಂಗಳ ಡ್ಯೂಟಿ ಪುಸ್ತಕವನ್ನು ತಾವೇ ತರಿಸಿಕೊಂಡು, ನಾವು ಮೇಲೆ ಮಾಡಿದ ಕಳೆಯುವ ಲೆಕ್ಕವನ್ನು ಮಾಡಿಸಿ ನೋಡಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ನಿವೃತ್ತ ಠಾಣಾ ಸಿಬ್ಬಂದಿ ಮತ್ತು ಬೀಟ್ ಸಭೆಗಳ ನಾಗರಿಕ ಸದಸ್ಯರು